ಮುನ್ನೂರು ಬಾಟ್ಲಿಯ ದುರುಗಪ್ಪನೂ ಅರ್ಧ ಚಮಚ ಉಪ್ಪೂ

ಹೊಂಗೆಕಟ್ಟೆಯ ಹಮಾಲಿ ದುರುಗಪ್ಪನ ಮೈಯಲ್ಲಿ ಒಂದು ತೊಟ್ಟು ರಕ್ತವೂ ಇರಲಿಲ್ಲ. ಇದ್ದದ್ದೆಲ್ಲ ಗ್ಲೂಕೋಸು. ದಾವಣಗೆರೆಯ ನರ್ಸಿಂಗ್ ಹೋಮಿನಲ್ಲಿ ಮೂರೇ ದಿನಕ್ಕೆ ಮುನ್ನೂರು ಬಾಟ್ಲಿ ಏರಿಸಿಕೊಂಡು ಬಂದ ಗಂಡಸು ಅವನು. ಅಲ್ಲಿಂದೀಚೆಗೆ ಅವನನ್ನು ಕಚ್ಚಿದ ಸೊಳ್ಳೆಗಳೆಲ್ಲ ಜೇನುಹುಳುಗಳಾಗಿ ಹೋದವು. ಸಂತೆಯಲ್ಲಿ ಮೂಟೆ ಹೊತ್ತು ಬೆವರಿದನೆಂದರೆ ಸಂತೇಬೆನ್ನೂರಿನಿಂದ ಊರಿನವರೆಗೆ, ಎರಡು ಮೈಲಿ, ಇರುವೆಯ ಸಾಲು ಅವನ ಹಿಂದೆಯೇ ಬರುತ್ತಿತ್ತು. ಒಮ್ಮೆ ಅವನು ಕೈತಪ್ಪಿ ಮುರುಗೇಶಪ್ಪನ ಹೋಟೆಲಿನ ಹಾಲಿನ ಪಾತ್ರೆಯಲ್ಲಿ ಬೆರಳದ್ದಿದ. ಆ ದಿನವೆಲ್ಲ ಟೀಗೆ ಸಕ್ಕರೆಯೇ ಬೇಕಾಗಲಿಲ್ಲ.

ನಿಮಗೆ ನಂಬಿಕೆ ಬರಲಿಲ್ಲವೇ? ಹೊಂಗೆಕಟ್ಟೆಯವರಿಗೂ ಇರುವೆ, ಸೊಳ್ಳೆಯ ಮೇಲೆ ನಂಬಿಕೆ ಬರಲಿಲ್ಲ. ಬಾಟ್ಲಿಯ ಮೇಲೆ ಬಂದಿತು.

ಬರದೇ ಏನು ಮಾಡೀತು? ಎಂಬತ್ತೈದು, ಎಂಬತ್ತಾರನೇ ಇಸವಿಯ ಆ ಕಾಲದಲ್ಲಿ ಗ್ಲೂಕೋಸ್ ಬಾಟ್ಲಿಗಿದ್ದ ಮರ್ಯಾದೆ ಹೊಸ ಬೀಗರಿಗೂ ಇರಲಿಲ್ಲ. ಆಸ್ಪತ್ರೆಯಿಂದ ಬಂದವನನ್ನು ಯಾರೂ "ಹುಷಾರಾದ್ಯಾ?" ಎಂದು ಕೇಳುತ್ತಿರಲಿಲ್ಲ. "ಎಷ್ಟು ಬಾಟ್ಲಿ ಹಾಕಿದ್ರು?" ಎಂದೇ ಕೇಳುತ್ತಿದ್ದರು. ಎರಡು ಎಂದರೆ "ಅಷ್ಟೇನಾ?" ಎಂದು ತುಟಿ ಮುರಿಯುತ್ತಿದ್ದರು. ಐದು ಎಂದರೆ ಕೂರಲು ಮಂಚ ಕೊಡುತ್ತಿದ್ದರು. ಬರೀ ಮಾತ್ರೆ ಎಂದರೆ ಮುಗಿಯಿತು, ಅದು ಕಾಯಿಲೆಯೇ ಅಲ್ಲ. ಅಂಥದ್ದರಲ್ಲಿ ಮುನ್ನೂರು ಬಾಟ್ಲಿಯ ದುರುಗಪ್ಪನ ಮಾತಿಗೆ ಎದುರಾಡುವವರು ಯಾರು?

ನೆರೆಮನೆಯ ಮರುಳಪ್ಪನಿಗೆ ಒಮ್ಮೆ ನೆಗಡಿಯಾಯಿತು. ದುರುಗಪ್ಪ ಅವನ ನಾಡಿ ಹಿಡಿದು, ಕಣ್ಣು ಮುಚ್ಚಿ, ಗಂಭೀರವಾಗಿ ಹೇಳಿದ.

"ಬಾಟ್ಲಿ ಹಾಕಿಸ್ಕ್ಯಾ ಮರುಳಣ್ಣ. ಮೈಯಾಗೆ ಕರೆಂಟು ಹರೀತೈತೆ."

ಮರುಳಪ್ಪ ಎರಡು ಕುರಿ ಮಾರಿದ. ಕುರಿಗೊಂದರಂತೆ ಎರಡು ಬಾಟ್ಲಿ ಹಾಕಿಸಿಕೊಂಡ. ಹೋಗುವಾಗ ಇದ್ದ ನೆಗಡಿಯನ್ನು ಜೋಪಾನವಾಗಿ ಹಾಗೇ ಹಿಂದಕ್ಕೆ ತಂದ.

ಇಷ್ಟಕ್ಕೆ ನಿಂತಿದ್ದರೆ ಇದು ನಗುವ ಕಥೆ. ಆದರೆ ಶ್ರಾವಣದಲ್ಲಿ ದುರುಗಪ್ಪನ ಮೊಮ್ಮಗಳು ಊರಿಗೆ ಬಂದಳು.

ಮಗಳು ಸುಂಕಲಮ್ಮನನ್ನು ಜಗಳೂರಿನ ಕಡೆ ಕೊಟ್ಟಿದ್ದರು. ಪಂಚಮಿಗೆಂದು ತವರಿಗೆ ಬಂದವಳ ಕಂಕುಳಲ್ಲಿ ಒಂದೂವರೆ ವರ್ಷದ ಕೂಸು. ದೇವಿಯ ಹೆಸರನ್ನೇ ಇಟ್ಟಿದ್ದರು, ಅಂತರಘಟ್ಟಮ್ಮ ಎಂದು. ಹೆಸರು ಕೂಸಿಗಿಂತ ಎರಡು ಮೊಳ ಉದ್ದವಾದ್ದರಿಂದ ಮನೆಯವರೆಲ್ಲ ಅಂತ್ರಿ ಎನ್ನುತ್ತಿದ್ದರು. ದುರುಗಪ್ಪನಿಗೆ ಮೊಮ್ಮಗಳೆಂದರೆ ಜೀವ. ಅವಳನ್ನು ಸಂತೆಗೆ ಹೊತ್ತುಕೊಂಡು ಹೋಗಿ ಬೆಂಡು ಬತ್ತಾಸು ಕೊಡಿಸಿದ. ಆ ಬುಟ್ಟಿಯ ಮೇಲೆ ನೊಣಗಳೆಷ್ಟಿದ್ದವೆಂದರೆ, ಮಾರುವವನು ಮೊದಲು ನೊಣ ಮಾರಿ ಮುಗಿಸಿ ಆಮೇಲೆ ಬತ್ತಾಸು ಹುಡುಕಬೇಕು, ಹಾಗೆ. ದುರುಗಪ್ಪ ಬೆಳಗಿನಿಂದ ಮೂಟೆ ಹೊತ್ತಿದ್ದ ಕೈಯನ್ನು ಪಂಚೆಗೆ ಒರೆಸಿ, ಅದೇ ಕೈಯಿಂದ ಮೊಮ್ಮಗಳ ಬಾಯಿಗಿಟ್ಟ.

ಮರುದಿನ ಕೋಳಿ ಕೂಗುವಾಗ ಕೂಸಿಗೆ ಭೇದಿ ಹತ್ತಿತು. ಹತ್ತು ಗಂಟೆಯ ಹೊತ್ತಿಗೆ ದುರುಗಪ್ಪನ ಎಣಿಕೆಯಲ್ಲಿ ಎಂಬತ್ತು ಸಲ ಆಗಿತ್ತು. ಅವನ ಹೆಂಡತಿ ಉಚ್ಚಂಗೆಮ್ಮನ ಎಣಿಕೆಯಲ್ಲಿ ಎಂಟು. ಎಂಟೇನು ಕಡಿಮೆಯೇ? ಕೂಸು ಬಾಡಿದ ಬಳ್ಳಿಯಂತೆ ತಾಯಿಯ ಹೆಗಲಿಗೆ ಜೋತುಬಿತ್ತು.

"ನೀರು ಕೇಳ್ತೈತೆ ಕಣವ್ವಾ" ಎಂದಳು ಸುಂಕಲಮ್ಮ.

"ಒಂದ್ ಹನಿ ಕೊಡಬ್ಯಾಡ" ಎಂದಳು ಉಚ್ಚಂಗೆಮ್ಮ. "ಕೊಟ್ಟಿದ್ದೆಲ್ಲ ಹಿಂದ್ಲಿಂದ ಹೋಗ್ತೈತೆ. ಹಾಲೂ ಬ್ಯಾಡ. ಹೊಟ್ಟೆ ಒಣಗಿದ್ರೆ ತಾನೇ ಕಟ್ಟಿಕೊಳ್ತೈತೆ. ನಿನಗೂ ಹಂಗೇ ಮಾಡಿದ್ದೆ."

"ಅವೆಲ್ಲ ಹಳೇ ಕಾಲದ ಮಾತು" ಎಂದು ದುರುಗಪ್ಪ ಪಂಚೆ ಕಟ್ಟಿದ. "ನನ್ನ ಮೊಮ್ಮಗಳು! ಐವತ್ತು ಬಾಟ್ಲಿಗೆ ಕಮ್ಮಿ ಹಾಕ್ಸಾಕಿಲ್ಲ ನಾನು. ನಡೀರಿ ದಾವಣಗೆರೆಗೆ."

ಐವತ್ತು ಬಾಟ್ಲಿ ಎಂದು ಹೇಳಲು ಬಾಯಿ ಸಾಕು, ಹಾಕಿಸಲು ದುಡ್ಡು ಬೇಕು. ಸುಂಕಲಮ್ಮ ಕಿವಿಯ ಬೆಂಡೋಲೆ ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಅವಳ ಮೈಮೇಲೆ ಇದ್ದ ಬಂಗಾರ ಅದೊಂದೇ. ಅದನ್ನು ಕಂಡು ದುರುಗಪ್ಪ ಮಾತಾಡಲು ಬಾಯಿ ತೆರೆದ, ಮತ್ತೆ ಮುಚ್ಚಿಕೊಂಡ. ಹುಟ್ಟಿದ ಮೇಲೆ ಅವನು ತೆರೆದ ಬಾಯನ್ನು ಸುಮ್ಮನೆ ಮುಚ್ಚಿದ್ದು ಅದೇ ಮೊದಲು.

ಬಸ್ಸು ನಿಲ್ಲುತ್ತಿದ್ದದ್ದು ಮುರುಗೇಶಪ್ಪನ ಹೋಟೆಲಿನ ಮುಂದೆ. ಇವರು ಬಂದಾಗ ಇನ್ನೂ ಹನ್ನೊಂದೂವರೆ. ದಾವಣಗೆರೆ ಬಸ್ಸು ಬರುವುದು ಒಂದು ಗಂಟೆಗೆ. ಒಳಗೆ ಬೆಂಚಿನ ಮೇಲೆ ಮರುಳಪ್ಪ ಮೂಗು ಸೀಟುತ್ತ ಕೂತಿದ್ದ. ಮೂಲೆಯಲ್ಲಿ ಚೀಲ, ಕೊಡೆ ಪಕ್ಕಕ್ಕಿಟ್ಟುಕೊಂಡು ಸರ್ಕಾರಿ ನರ್ಸಮ್ಮ ಭೀಮಕ್ಕ ಟೀ ಕುಡಿಯುತ್ತಿದ್ದಳು. ಊರೂರು ನಡೆದು ಮಕ್ಕಳಿಗೆ ಚುಚ್ಚುಮದ್ದು ಹಾಕುವವಳು. ಅವಳನ್ನು ಕಂಡರೆ ಮಕ್ಕಳು ಓಡುತ್ತಿದ್ದರು. ಅವರ ಮುಂದೆ ದುರುಗಪ್ಪ ಓಡುತ್ತಿದ್ದ.

ಭೀಮಕ್ಕ ಲೋಟ ಕೆಳಗಿಟ್ಟು ಎದ್ದು ಬಂದಳು. ಕೂಸಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಿನಿಂದ ಮೆಲ್ಲಗೆ ಎತ್ತಿ ಬಿಟ್ಟಳು. ಅದು ನಿಧಾನವಾಗಿ ಕೆಳಗಿಳಿಯಿತು. ಕಣ್ಣು ಗುಳಿ ಬಿದ್ದಿದ್ದವು. ಕೂಸು ಅತ್ತಿತು, ಕಣ್ಣೀರು ಬರಲಿಲ್ಲ.

"ಬೆಳಿಗ್ಗೆಯಿಂದ ಏನು ಕುಡಿಸೀರಿ?"

"ಏನೂ ಇಲ್ಲ ನರ್ಸಮ್ಮ. ಗಟ್ಟಿಯಾಗಲಿ ಅಂತ ಬಿಟ್ಟೀವಿ" ಎಂದಳು ಉಚ್ಚಂಗೆಮ್ಮ.

"ಮೈಯಾಗಿನ ನೀರೆಲ್ಲ ಹೋಗ್ತಾ ಐತೆ ಕಣಮ್ಮ. ಕೂಸು ಒಣಗ್ತಾ ಐತೆ. ಭೇದಿ ಕೊಲ್ಲಾಕಿಲ್ಲ, ಈ ಒಣಗೋದು ಕೊಲ್ತೈತೆ. ನಿಮ್ಮನೆ ಕೊಡ ಸೋರ್ತಾ ಐತೆ ಅಂತ ಇಟ್ಕೊಳ್ರಿ. ಅದಕ್ಕೆ ನೀರು ಹಾಕೋದು ನಿಲ್ಸಿದ್ರೆ ಸೋರೋದು ನಿಲ್ತೈತಾ?"

"ನಿಲ್ತೈತಲ್ಲ" ಎಂದ ದುರುಗಪ್ಪ.

"ಹೌದು, ನಿಲ್ತೈತೆ. ಯಾವಾಗ? ಕೊಡದಾಗೆ ಏನೂ ಉಳೀದಿದ್ದಾಗ."

ದುರುಗಪ್ಪ ಮೀಸೆ ತಿರುವಿದ.

"ಅದಕ್ಕೇ ಬಾಟ್ಲಿ ಹಾಕ್ಸಾಕೆ ಹೊಂಟೀವಿ" ಎಂದ. "ನನಗೆ ಗೊತ್ತಿಲ್ದೇ ಇರೋದಾ? ಮುನ್ನೂರು ಹಾಕಿಸ್ಕೊಂಡೋನು!"

"ಆ ಬಾಟ್ಲಿಯಾಗೆ ಏನೈತೆ ಅಂದ್ಕೊಂಡೀರಿ ದುರುಗಪ್ಪಣ್ಣ? ಅಮೃತವಾ? ನೀರು, ಉಪ್ಪು, ಸಕ್ಕರೆ ಜಾತಿದೇ. ಬಾಯಾಗೆ ಕುಡಿಯಾಕೆ ಆಗ್ದೇ ಇರೋರಿಗೆ ಅದನ್ನ ರಕ್ತನಾಳಕ್ಕೆ ಬಿಡ್ತಾರೆ. ಅಂಥೋರಿಗೆ ಅದು ಬೇಕೇ ಬೇಕು. ಈ ಕೂಸಿನ್ನೂ ಕುಡಿಯಾಕೆ ಬಾಯಿ ಚಾಚ್ತಾ ಐತೆ. ಬಸ್ಸಿಗೆ ಇನ್ನೂ ಒಂದೂವರೆ ಗಂಟೆ ಐತೆ, ಅಲ್ಲೀತನಕ ಒಣಗಸ್ತೀರಾ? ಈಗ್ಲೇ ಕುಡಿಸಾಕೆ ಸುರು ಮಾಡಾಣ. ಬಸ್ಸು ಬರೋ ಹೊತ್ತಿಗೆ ಚೇತರಿಸ್ಕೊಳ್ಳಲಿಲ್ಲಾಂದ್ರೆ ನಾನೇ ನಿಮ್ಮ ಜೊತೆ ಬಸ್ ಹತ್ತುತೀನಿ. ಮುರುಗೇಶಪ್ಪ, ಕುದ್ದ ನೀರೈತಾ?"

"ಹೋಟ್ಲಿನಾಗೆ ಅದೊಂದಕ್ಕೆ ಬರ ಇಲ್ಲ" ಎಂದ ಮುರುಗೇಶಪ್ಪ. ಹಾಲು ಅಳೆಯುವ ಲೀಟರಿನ ಪಾತ್ರೆ ತೊಳೆದು, ಅದರ ತುಂಬ ಕುದ್ದ ನೀರು ಹಿಡಿದು, ಟೀ ಆರಿಸುವಂತೆ ಈ ಪಾತ್ರೆಯಿಂದ ಆ ಪಾತ್ರೆಗೆ ಎತ್ತಿ ಎತ್ತಿ ಸುರಿದ. ಅವನು ಸುರಿದ ಎತ್ತರಕ್ಕೆ ಹೋಟೆಲಿನ ಹೆಂಚು ಎರಡು ಸಲ ತೆಗೆದು ಹಾಕಬೇಕಾಯಿತು.

ಭೀಮಕ್ಕ ಕೈ ತೊಳೆಯಲು ಹಿತ್ತಲಿಗೆ ಹೋದಳು. ಅಷ್ಟರಲ್ಲಿ ದುರುಗಪ್ಪ ಮುಂದೆ ಬಿದ್ದ. ಇಡೀ ಊರಿನಲ್ಲಿ ಗ್ಲೂಕೋಸಿನ ವಿಷಯ ಬಲ್ಲವನು ತಾನೊಬ್ಬ. ತನ್ನ ಮೊಮ್ಮಗಳ ಮದ್ದನ್ನು ಇನ್ನೊಬ್ಬರು ಕಲಸುವುದೇ? ಚಿಟಿಕೆ, ಚಮಚ ಎಲ್ಲ ಬಡವರ ಅಳತೆ. ಮೊರದಂಥ ಅಂಗೈ ಚಾಚಿ ಉಪ್ಪಿನ ಡಬ್ಬದಿಂದ ಎರಡು ಹಿಡಿ ಎತ್ತಿ ನೀರಿಗೆ ಸುರಿದ. ಸಕ್ಕರೆ ಒಂದು ಹಿಡಿ. ಕದಡಿದ.

"ತಗಾಳ್ರಿ ನರ್ಸಮ್ಮ, ತಯಾರು. ಬ್ಯಾಗ ಗುಣ ಆಗ್ಲಿ ಅಂತ ಉಪ್ಪು ಸ್ವಲ್ಪ ಜಾಸ್ತೀನೇ ಹಾಕೀನಿ."

ಭೀಮಕ್ಕ ಡಬ್ಬ ನೋಡಿದಳು, ಪಾತ್ರೆ ನೋಡಿದಳು, ದುರುಗಪ್ಪನ ಅಂಗೈ ನೋಡಿದಳು. ಒಂದು ಲೋಟ ತುಂಬಿಸಿ ಅವನ ಕೈಗೇ ಕೊಟ್ಟಳು.

"ಮೊದ್ಲು ನೀವು ಕುಡೀರಿ. ಮುನ್ನೂರು ಬಾಟ್ಲಿ ಕುಡಿದ ಮೈ. ಇದೇನು ಮಹಾ?"

ದುರುಗಪ್ಪ ಎದೆಯುಬ್ಬಿಸಿ ಗಟಗಟನೆ ಎರಡು ಗುಟುಕು ಇಳಿಸಿದ. ಮೊದಲು ಅವನ ಮೀಸೆ ನಿಮಿರಿತು. ಆಮೇಲೆ ಕಣ್ಣು ಒಂದರ ಮನೆಗೆ ಇನ್ನೊಂದು ಹೋಗಿ ಕೂತವು. ಆಮೇಲೆ ಹೋಟೆಲಿನ ಹೊರಗೋಡಿ ಅವನು ಉಗಿದ ಸದ್ದಿಗೆ ಎಷ್ಟೋ ಮೈಲಿ ದೂರದ ಉಬ್ರಾಣಿಯಲ್ಲಿ ಮೇಯುತ್ತಿದ್ದ ದನಗಳು ಬೆದರಿದವೆಂದು ಜನ ಇಂದಿಗೂ ಹೇಳುತ್ತಾರೆ. ಮರುಳಪ್ಪ ನಕ್ಕು ನಕ್ಕು ಬೆಂಚಿನಿಂದ ಬಿದ್ದ.

ಭೀಮಕ್ಕ ಮಾತ್ರ ನಗಲಿಲ್ಲ.

"ದೊಡ್ಡ ಆಳು ನೀವು, ಉಗಿದ್ರಿ. ಕೂಸಿಗೆ ಉಗಿಯಾಕೆ ಬರ್ತೈತಾ? ಇದನ್ನ ಕುಡಿಸಿದ್ರೆ ಉಪ್ಪು ತಲೆಗೇರಿ ಫಿಟ್ಸ್ ಬಂದು, ಜೀವಕ್ಕೇ ಎರವಾಗ್ತಿತ್ತು. ಮಾತಿನಾಗೆ ಒಂದಕ್ಕೆ ಹತ್ತು ಸೇರಿಸ್ರಿ, ಯಾರೂ ಸಾಯಾಕಿಲ್ಲ. ಇದ್ರಾಗೆ ಸೇರಿಸಬ್ಯಾಡ್ರಿ."

ದುರುಗಪ್ಪ ತನ್ನ ಎರಡು ಹಿಡಿಯ ಕಡೆ ನೋಡಿ, ಆ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡ.

ಹಳೆಯ ನೀರು ಚೆಲ್ಲಿ, ಹೊಸ ನೀರು ಆರಿಸಿದರು. ಈ ಸಲ ಭೀಮಕ್ಕ ಸುಂಕಲಮ್ಮನ ಕೈ ತೊಳೆಸಿ ಚಮಚವನ್ನು ಅವಳಿಗೇ ಕೊಟ್ಟಳು.

"ನೀನೇ ಮಾಡವ್ವ. ನಾಳೆ ಜಗಳೂರಿನಾಗೆ ನಾನಿರಾಕಿಲ್ಲ. ಲೀಟರ್ ನೀರಿಗೆ ಟೀ ಚಮಚದಾಗೆ ಆರು ಸಕ್ಕರೆ. ಗೋಪುರ ಬ್ಯಾಡ, ಬೆರಳಿನಿಂದ ತಲೆ ಸವರು. ಹಾ, ಹಂಗೆ. ಉಪ್ಪು ಅದೇ ಚಮಚದಾಗೆ ಅರ್ಧ, ಅದನ್ನೂ ಸವರು. ಈಗ ನಾಲಿಗೆಗೆ ಹಚ್ಚಿ ನೋಡು. ಹೆಂಗೈತೆ?"

"ಕಣ್ಣೀರು ಇದ್ದಂಗೈತೆ."

"ಅಷ್ಟೇ ಇರಬೇಕು. ಕಣ್ಣೀರಿಗಿಂತ ಉಪ್ಪಾತು ಅಂದ್ರೆ ಚೆಲ್ಲಿಬಿಡು, ಬ್ಯಾರೆ ಮಾಡು."

ಚಮಚ ಚಮಚವಾಗಿ ಕುಡಿಸತೊಡಗಿದರು. ಕೂಸು ಆಸೆಯಿಂದ ಚಪ್ಪರಿಸಿತು. ಆರನೆಯ ಚಮಚಕ್ಕೆ ಭಳಕ್ಕನೆ ವಾಂತಿ ಮಾಡಿಕೊಂಡಿತು.

"ನೋಡಿದ್ರಾ! ನಿಲ್ಲವಲ್ದು!" ಎಂದು ಉಚ್ಚಂಗೆಮ್ಮ ಎದೆ ಬಡಿದುಕೊಂಡಳು.

"ನಿಲ್ತೈತೆ. ಹತ್ತು ನಿಮಿಷ ಬಿಡ್ರಿ. ಆಮೇಲೆ ಇನ್ನೂ ನಿಧಾನ ಕುಡಿಸ್ರಿ. ನಡುನಡುವೆ ಎದೆಹಾಲು ಕೊಡವ್ವ, ಅದನ್ನ ಯಾವತ್ತೂ ನಿಲ್ಸಬ್ಯಾಡ."

ಹತ್ತು ನಿಮಿಷ ಕಳೆಯಿತು. ದುರುಗಪ್ಪನ ಲೆಕ್ಕದಲ್ಲಿ ಅದು ಎರಡು ಮಳೆಗಾಲ. ಮತ್ತೆ ಒಂದು ಚಮಚ. ನಿಂತಿತು. ಇನ್ನೊಂದು. ನಿಂತಿತು. ಗಡಿಯಾರದ ಮುಳ್ಳು ಒಂದು ಗಂಟೆಯ ಹತ್ತಿರ ಬರುವ ಹೊತ್ತಿಗೆ ದೊಡ್ಡ ಲೋಟ ಒಂದು ಮುಗಿದಿತ್ತು. ಕೂಸು ತಾತನ ಮೀಸೆಯ ಕಡೆ ಕೈ ಚಾಚಿತು. ದುರುಗಪ್ಪ ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡ.

ಅಷ್ಟರಲ್ಲಿ ಬಸ್ಸು ಬಂತು. ಒಳಗೆ ಜಾಗವಿಲ್ಲದೆ, ಕಂಡಕ್ಟರ್ ತಾನೇ ಹಿಂದಿನ ಬಸ್ಸಿನಲ್ಲಿ ಬರುವಷ್ಟು ತುಂಬಿತ್ತು. "ದಾವಣಗೆರೆ, ದಾವಣಗೆರೆ! ಬರ್ರಿ ಲಗೂನ!" ಎಂದು ಡ್ರೈವರನೇ ಕೂಗಿದ.

ಅದೇ ಹೊತ್ತಿಗೆ ದುರುಗಪ್ಪನ ತೊಡೆ ಬೆಚ್ಚಗಾಯಿತು. ಅವನು ಗಾಬರಿಯಿಂದ ಕೂಗಿದ. "ನರ್ಸಮ್ಮಾ! ಉಚ್ಚೆ!"

"ಬಂತಾ!" ಎಂದು ಭೀಮಕ್ಕ ಮೊದಲ ಸಲ ನಕ್ಕಳು. "ಎಂಥಾ ಒಳ್ಳೇ ಸುದ್ದಿ ಹೇಳಿದ್ರಿ! ಮೈಗೆ ನೀರು ಹತ್ತೈತೆ. ಇನ್ನು ಬಸ್ಸು ಬ್ಯಾಡ. ಮನೆಗೆ ಹೋಗಿ ಇದನ್ನೇ ಕುಡಿಸ್ರಿ, ಸಾಯಂಕಾಲ ಬಂದು ನೋಡ್ತೀನಿ."

ಆದರೆ ಸುಂಕಲಮ್ಮ ಕೂಸನ್ನು ಎತ್ತಿಕೊಂಡು ಬಸ್ಸಿನ ಮೆಟ್ಟಿಲಿಗೆ ಒಂದು ಕಾಲಿಟ್ಟಿದ್ದಳು.

"ಒಂದಾದ್ರೂ ಹಾಕಿಸ್ಕೊಂಡ್ ಬರಾಣ ನರ್ಸಮ್ಮ" ಎಂದಳು ಅಳುತ್ತ. "ನಮ್ಮತ್ತೆ ಮನೆಯೋರು ಕೇಳ್ತಾರೆ, ತವರಿನಾಗೆ ಒಂದ್ ಬಾಟ್ಲಿನೂ ಹಾಕಿಸಲಿಲ್ವಾ, ಬರೀ ಉಪ್ಪು ನೀರು ಕುಡಿಸಿ ಕಳಿಸಿದ್ರಾ ಅಂತ. ಏನ್ ಹೇಳ್ಲಿ? ಅಪ್ಪಾ, ನೀನೇ ಹೇಳು. ನೀನು ಮುನ್ನೂರು ಹಾಕಿಸ್ಕೊಂಡೋನು. ಹತ್ತಲಾ, ಇಳೀಲಾ? ನೀನು ಹೇಳ್ದಂಗೆ ಕೇಳ್ತೀನಿ."

ಎಲ್ಲರೂ ದುರುಗಪ್ಪನ ಕಡೆ ತಿರುಗಿದರು. ದುರುಗಪ್ಪ ಮಗಳ ಬೋಳು ಕಿವಿ ನೋಡಿದ.

"ಒಂದೂ ಇಲ್ಲ" ಎಂದ.

"ಏನು ಒಂದೂ ಇಲ್ಲ?"

"ಬಾಟ್ಲಿ. ನನಗೆ ಒಂದ್ ಬಾಟ್ಲಿನೂ ಹಾಕಿಲ್ಲ ಯವ್ವಾ."

ಬಸ್ಸಿನ ಇಂಜಿನ್ನು ಬೆರಗಾಗಿ ತಾನೇ ನಿಂತುಹೋಯಿತು. ಇಲ್ಲ, ಡ್ರೈವರ್ ಆರಿಸಿದ; ಅವನಿಗೂ ಕೇಳಬೇಕಿತ್ತು.

"ನನಗೂ ಭೇದೀನೇ ಆಗಿತ್ತು. ನರ್ಸಿಂಗ್ ಹೋಮಿಗೆ ಹೋದೆ. ಪಕ್ಕದ ಮಂಚದೋನಿಗೆ ಸೂಜಿ ಚುಚ್ಚಾದು ನೋಡಿದೆ. ಮೊಳದುದ್ದ ಸೂಜಿ. ಅಷ್ಟೇನಿಲ್ಲ ಬಿಡ್ರಿ, ಬೆರಳುದ್ದ. ಒಂದಕ್ಕೆ ಹೋಗಿ ಬರ್ತೀನಿ ಅಂತ ಹೊರಗೆ ಬಂದೋನು ಓಡಿದೆ. ಬಸ್ ಸ್ಟ್ಯಾಂಡಿನಾಗೆ ಒಬ್ಬ ಮುದುಕಿ ರಾಗಿ ಗಂಜಿ ಮಾರ್ತಿದ್ಲು. ನನ್ನ ಮಕ ನೋಡಿ ಕೂರ್ಸಿ ಚೂರು ಉಪ್ಪು ಹಾಕಿ ದಿನಾ ಪೂರ್ತಿ ಗಂಜಿ ಕುಡಿಸಿದ್ಲು. ಮೂರು ದಿನಕ್ಕೆ ಸುಧಾರಿಸ್ಕೊಂಡು ಊರಿಗೆ ಬಂದೆ. ಬಸ್ ಇಳಿಯೋದ್ರಾಗೇ ಎಲ್ರೂ ಕೇಳಿದ್ರಿ, ಎಷ್ಟು ಬಾಟ್ಲಿ, ಎಷ್ಟು ಬಾಟ್ಲಿ ಅಂತ. ಇಲ್ಲ ಅನ್ನಾಕೆ ನಾಚಿಕೆ ಆತು. ಮೂರು ಅಂದೆ. ಸಂತೆಗೆ ಹೋಗೋ ಹೊತ್ತಿಗೆ ಮೂವತ್ತಾತು. ಆಮೇಲೆ ಅದು ನನ್ನ ಕೈಯಾಗೆ ಇರಲಿಲ್ಲ." ಅವನು ಮಗಳ ಹತ್ತಿರ ಬಂದು ಕೂಸಿಗೆ ಕೈ ಚಾಚಿದ. "ಇಳಿಯವ್ವ. ಓಲೆ ಹಾಕ್ಕ. ಬೀಗರು ಕೇಳಿದ್ರೆ ನಾನೇ ಬಂದು ಹೇಳ್ತೀನಿ."

ಸುಂಕಲಮ್ಮ ಇಳಿದಳು. ಬಸ್ಸು ಹೋಯಿತು. ಅದರ ಧೂಳು ಇನ್ನೂ ಇಳಿದಿರಲಿಲ್ಲ, ಬೆಂಚಿನಿಂದ ಒಂದು ಕೂಗೆದ್ದಿತು.

"ಲೇ ದುರುಗಾ! ನನ್ನ ಎಲ್ಡು ಕುರಿ!"

ದುರುಗಪ್ಪ ಕೂಸನ್ನು ಎತ್ತಿಕೊಂಡೇ ಓಡಿದ. ಮರುಳಪ್ಪ ಅಟ್ಟಿಸಿಕೊಂಡು ಹೋದ. ಅಂತ್ರಿ ಕಿಲಕಿಲ ನಕ್ಕಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಮನೆಯಲ್ಲಿ ಮಗುವಿಗೆ ಭೇದಿಯಾದರೆ ನೀರು ನಿಲ್ಲಿಸಬೇಡಿ, ಎದೆಹಾಲು ನಿಲ್ಲಿಸಬೇಡಿ, ಊಟವನ್ನೂ ನಿಲ್ಲಿಸಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಪೊಟ್ಟಣ ಸಿಕ್ಕರೆ ಅದನ್ನೇ ಕಲಸಿ. ಸಿಗದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರು, ತಲೆ ಸವರಿದ ಆರು ಟೀ ಚಮಚ ಸಕ್ಕರೆ, ತಲೆ ಸವರಿದ ಅರ್ಧ ಟೀ ಚಮಚ ಉಪ್ಪು. ಪ್ರತಿ ಸಲ ಭೇದಿಯಾದ ಮೇಲೂ ಸ್ವಲ್ಪ ಸ್ವಲ್ಪವಾಗಿ ಕುಡಿಸಿ. ಒಂದು ದಿನ ಕಳೆದ ಮೇಲೆ ಉಳಿದದ್ದನ್ನು ಚೆಲ್ಲಿ ಹೊಸದು ಮಾಡಿ. ಮಗು ಕುಡಿಯಲಾರದಷ್ಟು ಸೋತರೆ, ಕುಡಿದದ್ದೆಲ್ಲ ವಾಂತಿಯಾದರೆ, ಭೇದಿಯಲ್ಲಿ ರಕ್ತ ಕಂಡರೆ, ಉಚ್ಚೆ ನಿಂತರೆ, ಜ್ವರ ಏರಿದರೆ, ಆಗ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಓಡಿ, ದಾರಿಯುದ್ದಕ್ಕೂ ಕುಡಿಸುತ್ತ ಓಡಿ. ಅಲ್ಲಿ ಬಾಟ್ಲಿ ಬೇಕೋ ಬೇಡವೋ ಎಂದು ವೈದ್ಯರು ಹೇಳಲಿ, ಹೋಟೆಲಿನ ಬೆಂಚು ಹೇಳುವುದು ಬೇಡ. ಮಗುವಿಗೆ ತಿನ್ನಿಸುವ ಮೊದಲು, ಕಕ್ಕಸಿಗೆ ಹೋಗಿ ಬಂದ ಮೇಲೆ ಸೋಪು ಇಲ್ಲವೇ ಬೂದಿ ಹಾಕಿ ಕೈ ತೊಳೆಯಿರಿ. ನೊಣ ಕೂತದ್ದನ್ನು ಕೊಳ್ಳಬೇಡಿ.

ಇನ್ನು ಉಳಿದದ್ದು ಒಂದು ಮಾತು. ದುರುಗಪ್ಪನೇ ಒಪ್ಪಿಕೊಂಡ ಮೇಲೆ ಕಥೆ ಹೇಳುವವರೂ ಒಪ್ಪಿಕೊಳ್ಳಲೇಬೇಕು: ಉಬ್ರಾಣಿಯ ದನ ಬೆದರಲಿಲ್ಲ, ಹೆಂಚು ಯಾರೂ ತೆಗೆಯಲಿಲ್ಲ, ಬಸ್ಸಿನಲ್ಲಿ ಕೂರಲು ನಾಲ್ಕು ಸೀಟು ಖಾಲಿಯೇ ಇದ್ದವು. ಇದರಲ್ಲಿ ಉಬ್ಬಿಸಿ ಹೇಳಿದ್ದು ಬೇಕಾದಷ್ಟಿದೆ. ಚಮಚದ ಲೆಕ್ಕವನ್ನು ಮಾತ್ರ ಒಂದು ಹರಳೂ ಉಬ್ಬಿಸಿಲ್ಲ. ನೀವೂ ಉಬ್ಬಿಸಬೇಡಿ.